ಮಿಸ್, ನಿಮ್ಮ ವಾಯ್ಸ್ ಕಟ್ ಆಗ್ತಿದೆ!

ನಮ್ಮ ಹಿರಿಯರು ವಿದ್ಯೆಗಳನ್ನು ಎಣಿಸುತ್ತಾ ಹೋಗಿ ಅರವತ್ತನಾಲ್ಕಕ್ಕೆ ನಿಲ್ಲಿಸಿಬಿಟ್ಟರು. ಹಾಡು, ಕುಣಿತ, ಅಡುಗೆ, ಹೂ ಕಟ್ಟುವುದು, ಗಿಳಿಗೆ ಮಾತು ಕಲಿಸುವುದು, ಕೊನೆಗೆ ಜೂಜಾಡುವುದಕ್ಕೂ ಆ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಪಾಠ ತಪ್ಪಿಸಿಕೊಳ್ಳುವ ವಿದ್ಯೆಗೆ ಮಾತ್ರ ಸಿಕ್ಕಿಲ್ಲ. ಪಟ್ಟಿ ಬರೆಸಿದವರು ಮೇಷ್ಟರುಗಳೇ ಇರಬೇಕು. ಬರೆದುಕೊಂಡ ಶಿಷ್ಯರನ್ನು ಒಂದು ಮಾತು ಕೇಳಿದ್ದರೆ ಮೊದಲನೇ ನಂಬರೇ ಅದಕ್ಕೆ ಬೀಳುತ್ತಿತ್ತು. ಉಳಿದ ಅರವತ್ತನಾಲ್ಕನ್ನು ಕಲಿಯಲು ಗುರು ಬೇಕು, ಫೀಸು ಬೇಕು, ಈಚೆಗೆ ವೈಫೈ ಬೇಕು. ಅರವತ್ತೈದನೆಯದಕ್ಕೆ ಇದ್ಯಾವುದೂ ಬೇಡ. ಮಕ್ಕಳು ತಾವೇ ಕಲಿಯುತ್ತಾರೆ, ಬೇಗ ಕಲಿಯುತ್ತಾರೆ, ಕಲಿತದ್ದನ್ನು ಸಾಯುವ ತನಕ ಮರೆಯುವುದಿಲ್ಲ.

ನಂಬಿಕೆ ಬಾರದಿದ್ದರೆ 2020ನೇ ಇಸವಿಯನ್ನು ನೆನಪು ಮಾಡಿಕೊಳ್ಳಿ. ಮಾರ್ಚಿನಲ್ಲಿ ಶಾಲೆಗಳು ಬಾಗಿಲು ಹಾಕಿದವು. ಪಾಠವೆಲ್ಲ ಅಂಗೈಯಗಲದ ಗಾಜಿನೊಳಕ್ಕೆ ಹೊಕ್ಕಿತು. ಮಕ್ಕಳ ಕೈಯಿಂದ ಫೋನು ಕಿತ್ತಿಟ್ಟುಕೊಳ್ಳುವುದೇ ಶಿಸ್ತು ಎಂದು ಅಲ್ಲಿಯವರೆಗೆ ನಂಬಿದ್ದ ಟೀಚರುಗಳು ಅದೇ ಫೋನನ್ನು ಅವಲಕ್ಕಿ ಡಬ್ಬಕ್ಕೆ ಒರಗಿಸಿಕೊಂಡು ಭಿನ್ನರಾಶಿ ಹೇಳಿಕೊಡತೊಡಗಿದರು. ಪಾಪ, ಮ್ಯೂಟ್ ತೆಗೆಯುವ ಗುಂಡಿ ಎಲ್ಲಿದೆ ಎಂದು ಅವರಿಗೆ ಗೊತ್ತಾಗುವುದರೊಳಗೆ ಮೊದಲನೇ ಅಧ್ಯಾಯ ಮುಗಿದಿತ್ತು. ಆರನೇ ಕ್ಲಾಸಿನ ಹುಡುಗನಿಗೋ, ಮೊದಲನೇ ವಾರದಲ್ಲೇ ಮಂತ್ರ ಸಿದ್ಧಿಸಿತ್ತು: "ಮಿಸ್, ನಿಮ್ಮ ವಾಯ್ಸ್ ಕಟ್ ಆಗ್ತಿದೆ." ಇದನ್ನು ಸುಳ್ಳೆಂದು ಸಾಧಿಸಬಲ್ಲ ವಕೀಲ ಇನ್ನೂ ಹುಟ್ಟಿಲ್ಲ. ಹೊಟ್ಟೆನೋವು ಅಂದರೆ ಓಮದ ಕಷಾಯ ಕುಡಿಸಿ ಪರೀಕ್ಷೆ ಮಾಡಬಹುದು. ಅಜ್ಜಿ ತೀರಿಕೊಂಡರು ಅಂದರೆ ಈ ವರ್ಷ ಎಷ್ಟನೇ ಸಲ ಎಂದು ಕೇಳಬಹುದು. ನೆಟ್‌ವರ್ಕ್ ಇಲ್ಲ ಅಂದರೆ ಯಾರು ಏನು ಮಾಡಿಯಾರು? ಟವರಿನ ತುದಿ ಹತ್ತಿ ನೋಡುವುದು ಶಿಕ್ಷಕರ ಕರ್ತವ್ಯಗಳ ಪಟ್ಟಿಯಲ್ಲಿಲ್ಲ. ಇನ್ನೂ ಸೇರಿಸಿಲ್ಲ, ಅಷ್ಟೆ.

ನನ್ನ ವಾದ ದೊಡ್ಡದೇನಲ್ಲ. ಕಲಿಸುವ ಕಡೆಯವರು ಹೊಸದೊಂದು ವಿಧಾನ ತಂದಾಗಲೆಲ್ಲ ಕಲಿಯುವ ಕಡೆಯವರು ಅದರ ಹಿಂಬಾಗಿಲನ್ನು ಮೊದಲು ಹುಡುಕಿದ್ದಾರೆ. ಶಿಕ್ಷಣತಜ್ಞರ ದಪ್ಪ ಪುಸ್ತಕಗಳಲ್ಲಿ ಮುಂಬಾಗಿಲಿನ ಚರಿತ್ರೆ ಬೇಕಾದಷ್ಟಿದೆ. ಹಿಂಬಾಗಿಲಿನದನ್ನು ಯಾರೂ ಬರೆಯುವ ಹಾಗೆ ಕಾಣದ್ದರಿಂದ ಆ ಪುಣ್ಯವನ್ನು ನಾನೇ ಕಟ್ಟಿಕೊಳ್ಳುತ್ತಿದ್ದೇನೆ.

ಬಳ್ಳಾರಿಯಿಂದ ಶುರುಮಾಡೋಣ. 1823ರಲ್ಲಿ ಅಲ್ಲಿ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬ ದೊರೆ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದ್ರಾಸಿಗೆ ಒಂದು ವರದಿ ಕಳಿಸಿದ. ಜಿಲ್ಲೆಗೆ 533 ಶಾಲೆ, ಎಲ್ಲ ಸೇರಿ 6,641 ಮಕ್ಕಳು. ಭಾಗಿಸಿದರೆ ಶಾಲೆಗೆ ಹನ್ನೆರಡೋ ಹದಿಮೂರೋ ಮಂದಿ. ಇವತ್ತಿನ ಕಾನ್ವೆಂಟಿನ ಒಂದು ವ್ಯಾನಿನಲ್ಲೇ ಅದಕ್ಕಿಂತ ಹೆಚ್ಚು ಮಕ್ಕಳು ತುಂಬಿರುತ್ತಾರೆ. ಕೂಲಿಮಠವೆಂದೋ ಜಗಲಿ ಶಾಲೆಯೆಂದೋ ನಮ್ಮ ಮುತ್ತಜ್ಜಂದಿರು ಕರೆಯುತ್ತಿದ್ದ ಆ ಶಾಲೆಗಳ ಹಾಜರಿ ಪದ್ಧತಿಯನ್ನು ಕ್ಯಾಂಬೆಲ್ ಸಾಹೇಬ ಬಹಳ ಚೆನ್ನಾಗಿ ಬರೆದಿದ್ದಾನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಹತ್ತನೆಯವನಾಗಿ ಹೋಗಿ ಎಂಟು ಏಟು ತಿನ್ನುವುದಕ್ಕಿಂತ ಹೋಗದೇ ಇರುವುದೇ ಲಾಭ ಎಂದು ಲೆಕ್ಕ ಹಾಕುವುದಕ್ಕೆ ಯಾವ ಮಗ್ಗಿಯೂ ಬೇಕಾಗಿಲ್ಲ. ಇದು ಪಾಠ ಹೇಳುವ ಐಗಳಿಗೂ ಗೊತ್ತಿತ್ತು. ಆದ್ದರಿಂದಲೇ ಎರಡು ಕೈಗಳನ್ನೂ ಕಟ್ಟಿ ಮಾಡಿಗೆ ನೇತುಹಾಕುವ ಕೋದಂಡ ಇತ್ತು, ಬಸ್ಕಿ ಇತ್ತು. ಈಗಿನ ಆನ್‌ಲೈನ್ ಕ್ಲಾಸಿಗೆ ಎಲ್ಲರಿಗಿಂತ ಮೊದಲು ಹೋಗಿ ನೋಡಿ. ಅಂಗೈಗೆ ಸರಸ್ವತಿ ಬರುವುದಿಲ್ಲ. "ಹೋಸ್ಟ್ ಇನ್ನೂ ಬಂದಿಲ್ಲ, ಕಾಯುತ್ತಿರಿ" ಎಂಬ ಬರಹ ಬರುತ್ತದೆ. ಅದನ್ನೇ ನೋಡುತ್ತಾ ಕೂತಿರಬೇಕು.

ಮೇಷ್ಟ್ರುಗಳೂ ಈ ವಿದ್ಯೆಯಲ್ಲಿ ಕಡಿಮೆಯವರಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಪಕ್ಷಪಾತವಾದೀತು. ಅಂದಿನ ಶಾಲೆಗಳಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು, ಚಿಕ್ಕವರು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು, ಐಗಳು ಗೋಡೆಗೆ ಒರಗಿ ಎಲೆಯಡಿಕೆ ಮೆಲ್ಲುತ್ತಿದ್ದರು. ಮದ್ರಾಸಿನಲ್ಲಿ ಸೈನಿಕರ ಮಕ್ಕಳ ಅನಾಥಾಲಯ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಈ ಮರಳಿನ ಉಪಾಯವನ್ನೂ ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸುವ ಉಪಾಯವನ್ನೂ ತನ್ನ ಶಾಲೆಯಲ್ಲಿ ಹೂಡಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದ. ಇಂಗ್ಲೆಂಡಿನಲ್ಲಿ ಅದಕ್ಕೆ 'ಮದ್ರಾಸ್ ಪದ್ಧತಿ' ಎಂದು ಹೆಸರಾಯಿತು. ಕಡಿಮೆ ಸಂಬಳಕ್ಕೆ ಹೆಚ್ಚು ಮಕ್ಕಳು ಎಂದರೆ ಯಾವ ದೇಶದ ಆಡಳಿತ ಮಂಡಳಿಗೆ ತಾನೇ ಕಣ್ಣರಳುವುದಿಲ್ಲ? ಶಿಕ್ಷಣದಲ್ಲಿ ನಮ್ಮ ಮೊದಲ ರಫ್ತು ಇದೇ ಇದ್ದೀತು. ಎಲೆಯಡಿಕೆ ಮಾತ್ರ ಜೊತೆಗೆ ಹೋಗಲಿಲ್ಲ.

ದೂರದಲ್ಲಿ ಕೂತು ಕಲಿಸುವುದು ಇಂಟರ್‌ನೆಟ್ಟಿನಿಂದ ಹುಟ್ಟಿದ್ದು ಎಂದು ತಿಳಿದವರಿದ್ದಾರೆ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿ ಕೊಟ್ಟರೆ ದೇಶದ ಯಾವ ಮೂಲೆಗಾದರೂ ಕಾಗದ ಹೋಗುವ ಅಂಚೆ ಶುರುವಾಯಿತು. ಅದೇ ವರ್ಷ ಐಸಾಕ್ ಪಿಟ್‌ಮನ್ ತನ್ನ ಶೀಘ್ರಲಿಪಿಯನ್ನು ಅಂಚೆಯಲ್ಲಿ ಕಲಿಸತೊಡಗಿದ. ನಮ್ಮ ಊರುಗಳ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಬೆಳಗಿನ ಜಾವ ಐದೂವರೆಯ ಬ್ಯಾಚಿಗೆ ಹೋಗಿ ಕಣ್ಣುಜ್ಜಿಕೊಂಡು ಗೀರು ಎಳೆದವರೆಲ್ಲ ಇವನ ಋಣಿಗಳೇ. ನಮ್ಮಲ್ಲಿ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯ, 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಶಿಕ್ಷಣ ತೆರೆದವು. ಮೈಸೂರಿನದು ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಆ ಕಾಲದಲ್ಲಿ ಬ್ಯಾಂಕಿನ ಗುಮಾಸ್ತರು, ತಾಲ್ಲೂಕು ಕಚೇರಿಯ ಎಫ್‌ಡಿಎಗಳು, ಬಡ್ತಿಗೆ ಕಾದ ಮೇಷ್ಟ್ರುಗಳು, ಎಲ್ಲರ ಮನೆಗೂ ಪಾಠದ ಪೊಟ್ಟಣಗಳು ಬರುತ್ತಿದ್ದವು. ಬಂದ ಪೊಟ್ಟಣಗಳನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಪರೀಕ್ಷೆಗೆ ಒಂದು ತಿಂಗಳಿದೆ ಎನ್ನುವಾಗ ಕೆಳಗಿಳಿಸಿದರೆ ಹಗ್ಗದ ಗಂಟು ಹಾಗೇ ಇರುತ್ತಿತ್ತು. ಮೈಸೂರಿನಲ್ಲಿ ಸಂಪರ್ಕ ತರಗತಿ ಎಂದು ರಜೆ ಹಾಕಿ ಹೋಗುತ್ತಿದ್ದವರು ಸಂಪರ್ಕ ಬೆಳೆಸಿಕೊಂಡದ್ದು ಮೃಗಾಲಯದ ಆನೆಗಳ ಜೊತೆಗೆ, ಚಾಮುಂಡಿಬೆಟ್ಟದ ಜೊತೆಗೆ, ಹೆಂಡತಿ ಬರೆದುಕೊಟ್ಟ ಚೀಟಿ ಹಿಡಿದು ಹೋದ ರೇಷ್ಮೆ ಸೀರೆ ಅಂಗಡಿಯ ಜೊತೆಗೆ. ಆದರೆ ಅದೇ ಪೊಟ್ಟಣಗಳನ್ನು ಬಂದ ದಿನವೇ ಬಿಚ್ಚಿದವರೂ ಇದ್ದರು. ಪಿಯುಸಿಗೇ ಓದು ನಿಲ್ಲಿಸಿ ಮದುವೆ ಮಾಡಿಸಿಕೊಂಡ ಹೆಣ್ಣುಮಕ್ಕಳು ಅವರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಅತ್ತೆಯ ನಿದ್ದೆ ಮತ್ತು ಕಾಫಿಯ ಹೊತ್ತಿನ ನಡುವೆ, ಅವರು ಬಿ.ಎ. ಮುಗಿಸಿದರು, ಕೆಲವರು ಎಂ.ಎ. ಕೂಡ. ನಾನು ಹೇಳುತ್ತಿರುವ ಹಿಂಬಾಗಿಲ ಚರಿತ್ರೆಗೆ ಇವರು ಸೇರುವುದಿಲ್ಲ. ಇವರಿಗೆ ಸಿಕ್ಕಿದ್ದೇ ಹಿಂಬಾಗಿಲು. ಅದರಲ್ಲೇ ಒಳಗೆ ಹೋದರು.

ಆಮೇಲೆ ಆಕಾಶದ ಸರದಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದಿಂದ ಎರವಲು ತಂದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿಯಲ್ಲಿ ಪಾಠ ಬಂತು. 'ಸೈಟ್' ಎಂದು ಆ ಪ್ರಯೋಗದ ಹೆಸರು. ನಮ್ಮ ಪಾಲಿಗೆ ಬಿಜಾಪುರ, ಗುಲ್ಬರ್ಗ, ರಾಯಚೂರು ಸೀಮೆಯ ಹಳ್ಳಿಗಳು. ಕೋಳಿಗೂಡಿಗೆ ಹೊಡೆಯುವ ತಂತಿಬಲೆಯಿಂದ ಛತ್ರಿ ಮಾಡಿ ಆಕಾಶಕ್ಕೆ ಎತ್ತಿ ಹಿಡಿದರು. ಬೆಂಗಳೂರಿನ ಮಂದಿಗೇ ಟಿವಿ ಇಲ್ಲದ ಕಾಲದಲ್ಲಿ ರಾಯಚೂರಿನ ಹಳ್ಳಿ ಹುಡುಗ ಬೆಳಿಗ್ಗೆ ಶಾಲೆಯಲ್ಲಿ ಉಪಗ್ರಹದ ಪಾಠ ಕೇಳುತ್ತಿದ್ದ. ಸಂಜೆ ಊರಿನವರಿಗೆ ಬೇಸಾಯ, ಆರೋಗ್ಯ. ವರ್ಷ ತುಂಬಿತು. ಎರವಲು ತಂದದ್ದನ್ನು ಹಿಂದಿರುಗಿಸಬೇಕಲ್ಲ, ಉಪಗ್ರಹ ಹೋಯಿತು. ಪಾಠ ತಪ್ಪಿಸಿಕೊಳ್ಳುವುದರಲ್ಲಿ ಇದು ದಾಖಲೆ. ಇಲ್ಲಿ ಶಿಷ್ಯರು ಕೂತೇ ಇದ್ದರು, ಆಕಾಶದ ಮೇಷ್ಟ್ರೇ ಎದ್ದು ಹೋದರು. 2004ರ ಸೆಪ್ಟೆಂಬರಿನಲ್ಲಿ ನಮ್ಮದೇ ಎಡುಸ್ಯಾಟ್ ಹಾರಿತು. ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೆ, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಇಳಿಯಿತು. ಚಾಮರಾಜನಗರದ ಕರೆಂಟು ಇಳಿಯುವ ಹೊತ್ತಿಗೂ ಪಾಠ ಇಳಿಯುವ ಹೊತ್ತಿಗೂ ಪ್ರತಿದಿನ ಹೊಂದಿಕೆಯಾಗಬೇಕು ಎಂದರೆ ಅದಕ್ಕೆ ಜಾತಕವನ್ನೇ ನೋಡಬೇಕು, ಬಿಡಿ.

ಯಂತ್ರವೇ ಪಾಠ ಹೇಳೀತು ಎಂಬ ಆಸೆ ಹಳೆಯದು. ಇನ್ನು ಮುಂದೆ ಶಾಲೆಗಳಲ್ಲಿ ಪುಸ್ತಕವೇ ಬೇಡ, ಎಲ್ಲವನ್ನೂ ಸಿನಿಮಾದಲ್ಲೇ ಕಲಿಸಬಹುದು ಎಂದು ಥಾಮಸ್ ಆಲ್ವಾ ಎಡಿಸನ್ 1913ರಲ್ಲೇ ಹೇಳಿದ್ದ. ಸಿನಿಮಾ ಯಂತ್ರ ಮಾರುತ್ತಿದ್ದವನು ಅವನೇ ಎಂಬುದನ್ನು ಮರೆಯಬೇಡಿ. ಬಾಗಿಲಿಗೆ ಬಂದು "ನಿಮ್ಮ ಮಗು ಹಿಂದೆ ಬಿದ್ದಿದೆ ಮೇಡಂ" ಎಂದು ಹೆದರಿಸಿ ಟ್ಯಾಬ್ಲೆಟ್ಟು ಮಾರುವ ಟೈ ಕಟ್ಟಿದ ಹುಡುಗನಿಗೆ ಈ ಎಡಿಸನ್ನನೇ ಕುಲಪುರುಷ.

ಇಷ್ಟೆಲ್ಲ ಯಂತ್ರಗಳ ನಡುವೆ ನಮ್ಮ ರಾಜ್ಯದಲ್ಲಿ ಪಾಠದ ರೀತಿ ನಿಜವಾಗಿ ಬದಲಾದದ್ದು ಕರೆಂಟೇ ಬೇಡದ ಒಂದು ಉಪಾಯದಿಂದ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯವರು ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಮಾಡುತ್ತಿದ್ದುದನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ, ಸರಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ಕಾರ್ಡುಗಳನ್ನು ಬರೆದರು. ಅದೇ ನಲಿ-ಕಲಿ. ಕ್ಲಾಸಿನಲ್ಲಿ ಬೆಂಚಿಲ್ಲ. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ. ಮೇಷ್ಟ್ರೂ ನೆಲದ ಮೇಲೆ. ತಲೆಯ ಮೇಲೆ ಹಗ್ಗಕ್ಕೆ ಸಿಕ್ಕಿಸಿದ ಕಲಿಕಾ ಚಪ್ಪರ, ಗೋಡೆಯಲ್ಲಿ ಮಗುವಿನ ಕೈಗೆಟುಕುವ ಎತ್ತರಕ್ಕೆ ಕರಿಹಲಗೆ. ಮಗು ತಾನಿರುವ ಮೆಟ್ಟಿಲನ್ನು ಕಲಿಕಾ ಏಣಿಯಲ್ಲಿ ನೋಡಿಕೊಂಡು ತನ್ನ ಕಾರ್ಡು ತಾನೇ ತೆಗೆದುಕೊಂಡು ಬರುತ್ತದೆ. ಜ್ವರ ಬಂದು ಒಂದು ವಾರ ಬರಲಿಲ್ಲವೋ, ಬಿಟ್ಟ ಮೆಟ್ಟಿಲಿನಿಂದಲೇ ಮುಂದಕ್ಕೆ. 2009-10ರ ಹೊತ್ತಿಗೆ ಇದು ರಾಜ್ಯಕ್ಕೆಲ್ಲ ಹಬ್ಬಿತು.

ಅರವತ್ತೈದನೆಯ ವಿದ್ಯೆಗೆ ಇದರಿಂದಾದಷ್ಟು ನಷ್ಟ ಇನ್ನಾವುದರಿಂದಲೂ ಆಗಿಲ್ಲ. ಕೊನೆ ಬೆಂಚೇ ಇಲ್ಲದ ಮೇಲೆ ಬಗ್ಗಿ ಕೂತು ಹುಣಿಸೆಹಣ್ಣು ತಿನ್ನುವುದೆಲ್ಲಿ? ಎಲ್ಲರೂ ಬಾಯಿ ಕೂಡಿಸಿ ಮಗ್ಗಿ ಹೇಳುವುದೇ ನಿಂತ ಮೇಲೆ ಬರೀ ತುಟಿ ಅಲ್ಲಾಡಿಸಿ ಪಾರಾಗುವುದು ಹೇಗೆ? ಮೇಷ್ಟ್ರು ಪಕ್ಕದಲ್ಲೇ ಕೂತಿದ್ದಾರೆ, ನಿನ್ನೆ ನೀನು ಎಲ್ಲಿದ್ದೆ ಎಂಬುದು ಗೋಡೆಯ ಮೇಲೆ ಬರೆದಿದೆ. ಊರಿನ ಹಿರಿಯರು ಮಾತ್ರ ಸಿಟ್ಟಾದರು. "ಶಾಲೆಯಿಂದ ಗದ್ದಲವೇ ಕೇಳೋದಿಲ್ಲ, ಪಾಠ ಮಾಡ್ತಾರೋ ಇಲ್ವೋ" ಎಂದು ಒಬ್ಬರು, "ಬರೀ ಗದ್ದಲ, ಪಾಠ ಎಲ್ಲಿ ಮಾಡ್ತಾರೆ" ಎಂದು ಇನ್ನೊಬ್ಬರು, ಒಂದೇ ಶಾಲೆಯ ಬಗ್ಗೆ ಒಂದೇ ಅರಳಿಕಟ್ಟೆಯಲ್ಲಿ ಕೂತು ದೂರುತ್ತಿದ್ದರು. ದೂರುವವರ ಮೊಮ್ಮಕ್ಕಳು ಪಟ್ಟಣದ ಕಾನ್ವೆಂಟಿನಲ್ಲಿ ಕೈಕಟ್ಟಿ ಕೂತು ಮಳೆಯನ್ನು ಹೋಗು ಹೋಗು ಎಂದು ಇಂಗ್ಲಿಷಿನಲ್ಲಿ ಹಾಡುತ್ತಿದ್ದರು. ಮಳೆ ಬಾರದೆ ರಾಗಿ ಒಣಗುತ್ತಿತ್ತು.

ಮತ್ತೆ ಕೊರೋನಾಕ್ಕೆ ಬರೋಣ, ಅದು ಬಿಡುವ ವಿಷಯವಲ್ಲ. 2020ರ ಜೂನಿನಲ್ಲಿ ಸರಕಾರ ಎಲ್‌ಕೆಜಿಯಿಂದ ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠ ಕೂಡದು ಎಂದಿತು. ಜುಲೈಯಲ್ಲಿ ಹೈಕೋರ್ಟು ಆ ಆಜ್ಞೆಗೆ ತಡೆ ಕೊಟ್ಟಿತು. ಪಾಠವೇ ಬೇಡ ಎಂದು ಸರಕಾರವೇ ಹೇಳಿದ ಆ ಕೆಲವೇ ವಾರಗಳನ್ನು ನಮ್ಮ ಮಕ್ಕಳು ಸುವರ್ಣಯುಗ ಎಂದು ಬಗೆದಿದ್ದರೆ ಆಶ್ಚರ್ಯವಿಲ್ಲ. ಆಮೇಲೆ ಚಂದನ ವಾಹಿನಿಯಲ್ಲಿ ಪಾಠ ಬಂತು, ಖಾಸಗಿ ಶಾಲೆಗಳ ಜೂಮ್ ಕ್ಲಾಸು ಬಿರುಸಾಯಿತು.

ಆಗ ನೋಡಬೇಕಿತ್ತು ವಿದ್ಯೆಯ ಪ್ರಗತಿಯನ್ನು! ಕ್ಯಾಮೆರಾ ಆಫ್ ಮಾಡಿ ಮಲಗುವುದು ಪ್ರಾಥಮಿಕ ಹಂತ. ತನ್ನ ಹೆಸರನ್ನೇ 'ರೀಕನೆಕ್ಟಿಂಗ್' ಎಂದು ಬದಲಾಯಿಸಿಕೊಂಡು ಕಪ್ಪು ಚೌಕದ ಹಿಂದೆ ನಿಶ್ಚಿಂತೆಯಾಗಿ ದೋಸೆ ತಿನ್ನುವುದು ಮಾಧ್ಯಮಿಕ ಹಂತ. ಬಾಯಿ ಅರ್ಧ ತೆರೆದು, ಕಣ್ಣು ಅರೆಮುಚ್ಚಿ, ಉಸಿರು ಬಿಗಿಹಿಡಿದು, ಚಿತ್ರ ನಿಂತುಹೋಗಿದೆ ಎಂದು ಮಿಸ್ ನಂಬುವ ತನಕ ಅಲುಗಾಡದೆ ಕೂರುವುದು ಸ್ನಾತಕೋತ್ತರ ಹಂತ, ಋಷಿಗಳಿಗೂ ಕಷ್ಟ. ನಮ್ಮ ಬಳಗದ ಹುಡುಗನೊಬ್ಬ ಇದನ್ನು ಸಾಧಿಸಿದ್ದ. ತಲೆಯ ಹಿಂದೆ ಫ್ಯಾನು ತಿರುಗುತ್ತಿದ್ದದ್ದರಿಂದ ಸಿಕ್ಕಿಬಿದ್ದ.

ಟೀಚರುಗಳ ಪಾಡನ್ನೂ ಹೇಳಬೇಕು. ಎದುರಿಗೆ ಐವತ್ತು ಕಪ್ಪು ಚೌಕಗಳು. "ಅರ್ಥ ಆಯ್ತಾ ಮಕ್ಕಳೇ?" ಎಂದರೆ ಯಾರದೋ ಮನೆಯ ಕುಕ್ಕರು ಉತ್ತರ ಕೊಡುತ್ತದೆ. "ಪಲ್ಲವಿ, ಹೇಳಮ್ಮ" ಎಂದರೆ ಪಲ್ಲವಿಯ ಬದಲು ಹಿಂದಿನಿಂದ ಪಿಸುಮಾತಿನಲ್ಲಿ ಅಮ್ಮನ ಉತ್ತರ, ಅದರ ಬೆನ್ನಿಗೇ "ಅದು ಸವರ್ಣದೀರ್ಘ ಅಲ್ಲ ಕಣೇ, ಗುಣಸಂಧಿ" ಎಂದು ನಿವೃತ್ತ ಹೆಡ್‌ಮಾಸ್ಟರಾದ ತಾತನ ತಿದ್ದುಪಡಿ. ಟೀಚರಿಗೂ ಒಂದು ಮನೆ ಇತ್ತು ಎಂಬುದು ಮಕ್ಕಳಿಗೆ ಗೊತ್ತಾದದ್ದೂ ಆಗಲೇ. ಪಾಠದ ನಡುವೆ ಅತ್ತೆ ಬಂದು "ಹಾಲಿನವನಿಗೆ ಚಿಲ್ಲರೆ ಎಲ್ಲಿಟ್ಟಿದ್ದೀಯ?" ಎನ್ನುವರು. ಪಕ್ಕದ ಕೋಣೆಯಲ್ಲಿ ಟೀಚರಿನ ಸ್ವಂತ ಮಗ ಇನ್ನೊಂದು ಶಾಲೆಯ ಇನ್ನೊಬ್ಬ ಮಿಸ್ಸಿಗೆ ವಾಯ್ಸ್ ಕಟ್ ಆಗ್ತಿದೆ ಎನ್ನುತ್ತಿರುವನು.

ಇದು ಫೋನಿದ್ದವರ ಮನೆಯ ತಮಾಷೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಆ ವರ್ಷ ಐದು ರಾಜ್ಯಗಳಲ್ಲಿ ಸರಕಾರಿ ಶಾಲೆಗಳ ಸಮೀಕ್ಷೆ ಮಾಡಿದಾಗ ಶೇ. 60ಕ್ಕೂ ಹೆಚ್ಚು ಮಕ್ಕಳಿಗೆ ಆನ್‌ಲೈನ್ ಪಾಠ ಕೈಗೆಟುಕಿರಲೇ ಇಲ್ಲ. ಮನೆಗೊಂದು ಫೋನು, ಅದು ಬೆಳಿಗ್ಗೆಯೇ ಅಪ್ಪನ ಜೇಬಿನಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿತ್ತು. ಮಲೆನಾಡಿನಲ್ಲಿ ಫೋನಿದ್ದವರಿಗೆ ಸಿಗ್ನಲ್ಲಿಲ್ಲ. ಗುಡ್ಡ ಹತ್ತಿ, ಟಾರ್ಪಾಲು ಕಟ್ಟಿಕೊಂಡು, ಉಂಬಳ ಕೀಳುತ್ತಾ ಕೂತು ಪಾಠ ಕೇಳಿದರು. 2021ರ ಜೂನ್ ಮಳೆಯಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತಿದ್ದ ಫೋಟೋವನ್ನು ನೀವೂ ನೋಡಿರುತ್ತೀರಿ. ಆ ಹುಡುಗಿ "ವಾಯ್ಸ್ ಕಟ್ ಆಗ್ತಿದೆ" ಎಂದಿದ್ದರೆ ಅದು ನಿಜವೇ. ಮಂತ್ರ ಬಲ್ಲ ಪಟ್ಟಣದ ಪುಂಡರಿಂದಾಗಿ ಇವಳ ನಿಜಕ್ಕೂ ಬೆಲೆ ಇಲ್ಲದೆ ಹೋಯಿತೇನೋ ಎನ್ನಿಸಿ ಒಮ್ಮೊಮ್ಮೆ ನನಗೆ ಅವರ ಕಿವಿ ಹಿಂಡಬೇಕು ಅನ್ನಿಸುತ್ತದೆ.

ಕಡೆಗೆ ಸರಕಾರ ಏನು ಮಾಡಿತು ಗೊತ್ತೇ? 2020ರ ಆಗಸ್ಟಿನಲ್ಲಿ 'ವಿದ್ಯಾಗಮ' ತಂದಿತು. ಫೋನಿರುವವರು, ಬರೀ ಮಾತಿನ ಫೋನಿರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿಕೊಂಡು ಮೇಷ್ಟ್ರುಗಳೇ ಊರೂರಿಗೆ, ಕೇರಿಕೇರಿಗೆ ಹೋದರು. ದೇವಸ್ಥಾನದ ಪೌಳಿ, ಮರದ ಕಟ್ಟೆ, ಮನೆಯ ಜಗಲಿ, ಎಲ್ಲೆಂದರಲ್ಲಿ ಪಾಠ. ಹನ್ನೆರಡು ಹದಿನೈದು ಮಕ್ಕಳು, ಒಬ್ಬ ಮೇಷ್ಟ್ರು, ಒಂದು ಜಗಲಿ. ಕ್ಯಾಂಬೆಲ್ ಸಾಹೇಬ ಎದ್ದು ಬಂದಿದ್ದರೆ ತನ್ನ ವರದಿಯ ತಾರೀಕನ್ನಷ್ಟೇ ತಿದ್ದಿ ಮತ್ತೆ ಕಳಿಸಬಹುದಿತ್ತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು, ಹೊಸ ವರ್ಷಕ್ಕೆ ಮತ್ತೆ ಶುರುವಾಯಿತು. ಜಗಲಿಯಲ್ಲಿ ಕೂತ ಹುಡುಗ "ವಾಯ್ಸ್ ಕಟ್ ಆಗ್ತಿದೆ" ಅನ್ನಲಾರ. ಅಂದರೆ ಮೇಷ್ಟ್ರು ಒಂದು ಮಾರು ಹತ್ತಿರ ಸರಿದು ಕೂರುತ್ತಾರೆ.

ಮಕ್ಕಳನ್ನೇ ಆಡಿಕೊಂಡದ್ದಾಯಿತು, ದೊಡ್ಡವರ ಸುದ್ದಿ ಸ್ವಲ್ಪ ನೋಡೋಣ. ಸಲ್ಮಾನ್ ಖಾನ್ (ಸಿನಿಮಾದವನಲ್ಲ, ಲೆಕ್ಕದವನು) 2004ರಲ್ಲಿ ದೂರದೂರಿನ ಚಿಕ್ಕಪ್ಪನ ಮಗಳಂಥ ಬಂಧುವೊಬ್ಬಳಿಗೆ ಫೋನಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ. ಆಮೇಲೆ 2006ರಲ್ಲಿ ಪಾಠಗಳನ್ನು ಯೂಟ್ಯೂಬಿಗೆ ಏರಿಸಿದ. ನೀನು ಎದುರಿಗಿರುವುದಕ್ಕಿಂತ ಯೂಟ್ಯೂಬಿನಲ್ಲಿ ಇರುವುದೇ ವಾಸಿ ಎಂದು ಅವನಿಂದ ಕಲಿಯುತ್ತಿದ್ದ ಬಂಧುಗಳ ಮಕ್ಕಳು ಹೇಳಿದರಂತೆ. ಇದನ್ನು ಅವನೇ ನಗುತ್ತಾ ಹೇಳಿಕೊಂಡಿದ್ದಾನೆ. ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು, ಅರ್ಥವಾಗಲಿಲ್ಲ ಎಂದು ಯಾರ ಮುಂದೆಯೂ ಒಪ್ಪಿಕೊಳ್ಳಬೇಕಿಲ್ಲ. 2011ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಪಾಠ ಹೇಳುತ್ತಿದ್ದ ಇಬ್ಬರು ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಜಗತ್ತಿಗೇ ಬಿಟ್ಟಿಯಾಗಿ ತೆರೆದರು. 1,60,000 ಜನ ಹೆಸರು ಹಚ್ಚಿದರು. ಮುಗಿಸಿದವರು ಸುಮಾರು 23,000. ಉಳಿದವರೆಲ್ಲ ನಮ್ಮವರು. ಹೊಡೆಯುವ ಮೇಷ್ಟ್ರಿಲ್ಲ, ಬೈಯುವ ಅಪ್ಪನಿಲ್ಲ, ದುಡ್ಡೂ ಕೊಟ್ಟಿಲ್ಲ, ತಾವಾಗಿಯೇ ಹೋಗಿ ಸೇರಿ ತಾವಾಗಿಯೇ ತಪ್ಪಿಸಿಕೊಂಡವರು. ಇದಕ್ಕಿಂತ ನಿಷ್ಕಾಮವಾದ ಸಾಧನೆ ಎಲ್ಲಿದೆ?

ನಮ್ಮ ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲೇ ಎನ್‌ಪಿಟಿಇಎಲ್ ಎಂಬ ದೂರಪಾಠದ ಯೋಜನೆ ಶುರುಮಾಡಿದ್ದವು. ಜಿಲ್ಲೆಯ ಮೂಲೆಯ ಇಂಜಿನಿಯರಿಂಗ್ ಕಾಲೇಜಿನ ಹುಡುಗಿಗೆ ಐಐಟಿ ಪ್ರೊಫೆಸರರ ಇಡೀ ಪಾಠಮಾಲೆ ಕಾಸಿಲ್ಲದೆ ಸಿಗುತ್ತದೆ; ಸಣ್ಣ ಮಾತಲ್ಲ. ಅದರಿಂದ ನಿಜಕ್ಕೂ ಮೇಲೆ ಬಂದವರಿದ್ದಾರೆ. ಆದರೆ ಒಂದೊಂದು ಮಾಲೆಯ ನಲವತ್ತು ಉಪನ್ಯಾಸಗಳಲ್ಲಿ ಮೊದಲನೆಯದಕ್ಕೆ ಲಕ್ಷಗಟ್ಟಲೆ ಪ್ರೇಕ್ಷಕರು, ಕೊನೆಯದಕ್ಕೆ ಬರುವಷ್ಟರಲ್ಲಿ ಸಪ್ತಾಹದ ಹರಿಕಥೆಯ ಆರನೇ ದಿನದ ಹಾಗೆ, ದಾಸರು ಮತ್ತು ಪಕ್ಕವಾದ್ಯದವರು. ನಮ್ಮ ವಿಟಿಯು ಹುಡುಗರಿಗೆ ಅಷ್ಟು ಪುರಸೊತ್ತೆಲ್ಲಿ? ನಾಳೆ ಬೆಳಿಗ್ಗೆ ಪರೀಕ್ಷೆ, ಐದು ಮಾಡ್ಯೂಲಿದೆ, ಈಗ ರಾತ್ರಿ ಹನ್ನೊಂದು. 'ಒನ್ ಶಾಟ್' ಎಂಬ ವಿಡಿಯೋ ಹಾಕಿ, ಅದನ್ನೂ ಎರಡು ಪಟ್ಟು ವೇಗದಲ್ಲಿ ಓಡಿಸಿ, ಉಸಿರುಗಟ್ಟುವ ಓಟದಲ್ಲಿ ಥರ್ಮೋಡೈನಮಿಕ್ಸ್ ಕೇಳುತ್ತಾರೆ. ಆರು ತಿಂಗಳು ತಪ್ಪಿಸಿಕೊಂಡ ಪಾಠ ಒಂದೇ ರಾತ್ರಿಯಲ್ಲಿ ಬಡ್ಡಿ ಸಮೇತ ವಸೂಲು. ಪಾಸಾಗಿಯೂ ಬಿಡುತ್ತಾರೆ. ಅದೇ ನನಗೆ ಅಸೂಯೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಅಸೈನ್‌ಮೆಂಟುಗಳು ಅದೆಷ್ಟು ಶುದ್ಧವಾಗಿ ಬರುತ್ತಿವೆ ಎಂದರೆ, ಪರಿಚಯದ ಅಧ್ಯಾಪಕರೊಬ್ಬರು ಈಗ ಕಾಗುಣಿತದ ತಪ್ಪು ಕಂಡರೆ ಸಂತೋಷದಿಂದ ಎರಡು ಅಂಕ ಹೆಚ್ಚು ಹಾಕುತ್ತಾರೆ. "ಪಾಪ, ಸ್ವಂತ ಬರೆದಿದ್ದಾನೆ" ಎಂದು. ಈ ಸುದ್ದಿ ಹಾಸ್ಟೆಲಿಗೆ ಮುಟ್ಟಿದ ಮೇಲೆ "ನಾಲ್ಕು ತಪ್ಪು ಸೇರಿಸಿ ಬರೆದುಕೊಡು" ಎಂದು ಹುಡುಗರು ಯಂತ್ರಕ್ಕೆ ಹೇಳುತ್ತಿದ್ದಾರಂತೆ.

ನಮ್ಮ ಬೀದಿಯಲ್ಲಿ ಒಬ್ಬರು ಸಂಗೀತದ ಟೀಚರಿದ್ದಾರೆ. ಬೆಳಿಗ್ಗೆ ಆರಕ್ಕೆ ಅವರ ಮನೆಯಿಂದ ಸರಳೆ ವರಸೆ ಕೇಳಿಸುತ್ತದೆ, ಆದರೆ ಮನೆಮುಂದೆ ಒಂದು ಜೊತೆ ಚಪ್ಪಲಿಯೂ ಇರುವುದಿಲ್ಲ. ಶಿಷ್ಯರೆಲ್ಲ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಇಲ್ಲಿ ಗುರುವಾರ ಬೆಳಗಾದರೆ ಅಲ್ಲಿ ಬುಧವಾರ ಸಂಜೆ. ಅಮೆರಿಕದವರು ವರ್ಷಕ್ಕೆರಡು ಸಲ ಗಡಿಯಾರವನ್ನು ತಿರುಗಿಸುವುದರಿಂದ ಮಾರ್ಚಿನಲ್ಲೂ ನವೆಂಬರಿನಲ್ಲೂ ಒಂದು ವಾರ ಇವರು ಕಾಯುವಾಗ ಅವರು ಬರುವುದಿಲ್ಲ, ಅವರು ಬಂದಾಗ ಇವರು ಸ್ನಾನಕ್ಕೆ ಹೋಗಿರುತ್ತಾರೆ. ವಿಜಯದಶಮಿಯ ಗುರುದಕ್ಷಿಣೆ ಅಲ್ಲಿ ಇನ್ನೂ ನವಮಿ ಇರುವಾಗಲೇ ಬಂದು ಬೀಳುತ್ತದೆ. ಅದಕ್ಕೆ ಟೀಚರ ತಕರಾರಿಲ್ಲ.

ಅವರ ತಕರಾರು ಬೇರೆ. ತಾಳ ಅಲ್ಲಿಗೆ ಮುಟ್ಟಿ ಹಾಡು ಇಲ್ಲಿಗೆ ಬರುವುದರೊಳಗೆ ಅರೆಕ್ಷಣ ತಡ. ಅರೆಕ್ಷಣ ಎಂದರೆ ಲೆಕ್ಕದ ಪಾಠಕ್ಕೆ ಏನೂ ಅಲ್ಲ, ಆದಿತಾಳಕ್ಕೆ ಸರ್ವನಾಶ. ಗುರು ಶಿಷ್ಯೆ ಒಟ್ಟಿಗೆ ಹಾಡುವುದು ಸಾಧ್ಯವೇ ಇಲ್ಲ. ಒಬ್ಬರು ಹಾಡಿ ನಿಲ್ಲಿಸಬೇಕು, ಇನ್ನೊಬ್ಬರು ಆಮೇಲೆ ಎತ್ತಬೇಕು. ಇನ್ನು ತಂಬೂರಿ. ಒಂದೇ ಸಮನೆ ಬರುವ ನಾದವನ್ನು ಜೂಮು ಫ್ಯಾನಿನ ಸದ್ದೆಂದೋ ಮಿಕ್ಸಿಯೆಂದೋ ತಿಳಿದು ಅಳಿಸಿಹಾಕುತ್ತದೆ. ಶತಮಾನಗಳ ಶ್ರುತಿ ಜೂಮಿಗೆ ಬರೀ ಗಲಾಟೆ. ಅದನ್ನು ಹಾಗೇ ಬಿಡು ಎಂದು ಹೇಳುವ ಗುಂಡಿಯೊಂದಿದೆ. ಅದನ್ನು ಒತ್ತಿಕೊಂಡೇ ಪಾಠಕ್ಕೆ ಕೂರಬೇಕು ಎಂಬುದು ಈಗ ಅವರ ಮನೆಯಲ್ಲಿ ಗಣಪತಿ ಸ್ತುತಿಗಿಂತ ಮೊದಲಿನ ನಿಯಮ.

ಇವರ ಶಿಷ್ಯೆಯೊಬ್ಬಳು, ಒಂಬತ್ತು ವರ್ಷದವಳು, ಮೋಹನ ವರ್ಣ ಕಲಿಯುತ್ತಿದ್ದಾಳೆ. ಒಂದು ಗುರುವಾರ ಅವಳ ಕ್ಯಾಮೆರಾ ಕೆಟ್ಟಿತ್ತು. ದನಿ ಮಾತ್ರ ಬಂತು, ಚೆನ್ನಾಗಿಯೇ ಬಂತು. ಮುಂದಿನ ವಾರವೂ ಕ್ಯಾಮೆರಾ ಕೆಟ್ಟೇ ಇತ್ತು, ವರ್ಣ ಅಷ್ಟೇ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ಅನುಪಲ್ಲವಿಯ ನಡುವೆ ಹೋದ ವಾರ ಎಲ್ಲಿ ಕಾಲಿಂಗ್ ಬೆಲ್ ಆಗಿತ್ತೋ ಸರಿಯಾಗಿ ಅಲ್ಲೇ ಈ ವಾರವೂ ಕಾಲಿಂಗ್ ಬೆಲ್ ಆಯಿತು. ನಾನಾಗಿದ್ದರೆ ಅಲ್ಲೇ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಟೀಚರು ವರ್ಣ ಮುಗಿಯುವ ತನಕ ತಾಳ ಹಾಕುತ್ತಾ ಕೂತಿದ್ದರು. ಆಮೇಲೆ ಕೇಳಿದರು:

"ಪುಟ್ಟಿ, ಅನುಪಲ್ಲವೀಲಿ ನಿಮ್ಮನೆ ಬೆಲ್ ಬರುತ್ತಲ್ಲ, ಡಿಂಗ್ ಡಾಂಗ್ ಅಂತ. ನಿನ್ನ ಶ್ರುತೀಲಿ ಅದು ಯಾವ ಸ್ವರ?"

ಆ ಕಡೆ ಮೌನ. ಟೀಚರು ಕಾದರು. ಇದ್ದಕ್ಕಿದ್ದಂತೆ ಕ್ಯಾಮೆರಾ ರಿಪೇರಿಯಾಯಿತು. ಕೈಯಲ್ಲಿ ಪಾಪ್‌ಕಾರ್ನ್ ಹಿಡಿದ ಶಿಷ್ಯೆ ಕಾಣಿಸಿಕೊಂಡಳು. ತಲೆ ಎತ್ತಲಿಲ್ಲ, ಆದರೆ ತಡವರಿಸಲೂ ಇಲ್ಲ.

"ಗಾ… ಸಾ, ಟೀಚರ್."

"ಸರಿ. ಯಾವ ಗಾಂಧಾರ? ಸಾಧಾರಣವೋ, ಅಂತರವೋ? ಬಾಯಿ ಒರೆಸ್ಕೊಂಡು ಹಾಡಿ ತೋರಿಸು."